ಸೋತ ಎತ್ತಿನ ಲೆಕ್ಕ

ಗೆದ್ದ ಎತ್ತನ್ನು ಹೊಗಳಲು ವಿಶೇಷ ಬುದ್ಧಿಯೇನೂ ಬೇಕಾಗಿಲ್ಲ. ಅದರ ಕೊರಳಿಗೆ ಹಾರ ಬಿದ್ದಿರುತ್ತದೆ, ಮುಂದೆ ಹಲಗೆ ಬಾರಿಸುತ್ತಿರುತ್ತಾರೆ. ಸೋತ ಎತ್ತಿನ ಗುಣ ಕಾಣಬೇಕಾದರೆ ಮಾತ್ರ ಕಣ್ಣು ಬೇಕು.

ನಮ್ಮ ಹುನಗುಂದ, ಬಾದಾಮಿಯ ಸೀಮೆಯಲ್ಲಿ ಕಾರಹುಣ್ಣಿವೆಯ ದಿನ ಎತ್ತುಗಳು ಓಡಿ ಕರಿ ಹರಿಯುತ್ತವೆ. ಬಿಳಿಯ ಎತ್ತು ಮುಂದಾದರೆ ಜೋಳದಂಥ ಬಿಳಿಯ ಪೀಕು, ಕೆಂದೆತ್ತು ಮುಂದಾದರೆ ಕೆಂಪು ಪೀಕು ಹುಲುಸಾಗಿ ಬರುವುದೆಂದು ಹಿರಿಯರ ನಂಬಿಕೆ. ವರ್ಷದ ಭವಿಷ್ಯವನ್ನು ಒಂದು ಬಣ್ಣದ ಮೇಲೆ ಹೊರಿಸುವುದು ಹಬ್ಬಕ್ಕೇನೋ ಒಪ್ಪುತ್ತದೆ. ಎತ್ತಿಗೆ ರೊಕ್ಕ ಎಣಿಸಬೇಕಾದವನಿಗೆ ಅಷ್ಟು ಸಾಲದು.

ನಮ್ಮ ಕಾಕಾ ಚಕ್ಕಡಿ ಶರ್ಯತ್ತಿಗೆ ಹೋದರೆ ಬಹುಮಾನ ಹಂಚುವವರೆಗೆ ನಿಲ್ಲುತ್ತಿರಲಿಲ್ಲ. ಎತ್ತುಗಳನ್ನು ಕೊಳ್ಳಬಿಚ್ಚುವಲ್ಲಿಗೆ ಹೋಗಿ, ಯಾವುದು ಎಷ್ಟು ಏದುತ್ತಿದೆ, ಯಾವುದರ ಬೆನ್ನಮೇಲೆ ಬಾರಕೋಲಿನ ಬರೆ ಎಷ್ಟಿವೆ ಎಂದು ನೋಡುವರು. ಒಮ್ಮೆ 4ನೆಯದಾಗಿ ಬಂದ ಖಿಲಾರಿ ಎತ್ತೊಂದನ್ನು ಅದರ ಒಡೆಯ ಬೇಸತ್ತು ಸಂತೆಗೆ ಹೊಡೆಯುವುದರಲ್ಲಿದ್ದಾಗ ಇವರು ಕೊಂಡು ತಂದರು. ಕಾಕು ಸುಮ್ಮನಿರಲಿಲ್ಲ.

“ನಾಕನೇ ನಂಬರಿನ ಎತ್ತಿಗೆ ಇಷ್ಟು ರೊಕ್ಕ ಯಾಕ ಕೊಟ್ರಿ?”

“ಅದು ನಾಕನೇದು ಹೆಂಗ ಆತು ಅನ್ನೋದು ನೋಡೀಯೇನು? ಜೋಡಿ ಎತ್ತು ನಡುದಾರ್ಯಾಗ ದಣೀತು, ಭಾರ ಎಲ್ಲಾ ಇದ ಒಂದ ಎಳೀತು. ಎರಿ ನೆಲ, ಹಿಂದಿನ ದಿನಾ ಮಳಿ. ಮುಂದಿನ ಚಕ್ಕಡಿ ಅಡ್ಡ ಬಂದಾಗ ನಿಂತು, ಮತ್ತ ತಾನ ಓಡಿತು. ಬಾರಕೋಲು ಮುಟ್ಟಿಸಿಲ್ಲ ಅದಕ್ಕ!”

ಆಮೇಲೆ ಅದು ಎಷ್ಟು ಗೆದ್ದಿತೆಂದು ಕೇಳುವಿರಾ? ಎರಡು ಗೆದ್ದಿತು, ಐದಾರು ಸೋತಿತು. ಆದರೆ ಹನ್ನೊಂದು ವರ್ಷ ಎರಿಯಲ್ಲೂ ಮಸಾರಿಯಲ್ಲೂ ಹಿಂದೆಗೆಯದೆ ನಮ್ಮ ಹೊಲ ಉತ್ತಿತು.

ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಕುದುರೆ ಬಲ್ಲವರು ಮಾಡುವುದೂ ಇದೇ ಕೆಲಸ. ಅರ್ಧವೃತ್ತದ ತಿರುವಿನಲ್ಲಿ ಒಂದು ಮೀಟರು ಹೊರಗೆ ಓಡಿದ ಕುದುರೆ 3 ಮೀಟರಿಗೂ ಹೆಚ್ಚು ನೆಲ ತುಳಿಯಬೇಕು. ಕುದುರೆಯ ಮೈಯುದ್ದ ಸುಮಾರು 2.4 ಮೀಟರು. ಒಂದು ಮೈಯುದ್ದ ಹಿಂದೆ ಬಿತ್ತೆಂದು ಪುಸ್ತಕದಲ್ಲಿ ಅಚ್ಚಾದದ್ದು ನಿಜಕ್ಕೂ ಸೋತಿರಲಿಕ್ಕಿಲ್ಲ. ಮುಂಚೂಣಿಯ ಕುದುರೆಗಳು ಆರಂಭದಲ್ಲೇ ಪೈಪೋಟಿಗೆ ಬಿದ್ದು ದಣಿದರೆ ಹಿಂದಿನದು ಸುಲಭವಾಗಿ ಗೆಲ್ಲುತ್ತದೆ. ಆ ಗೆಲುವನ್ನು ನಂಬಿ ಮುಂದಿನ ವಾರ ಹಣ ಕಟ್ಟಿದವರು ಕೈ ಸುಟ್ಟುಕೊಳ್ಳುತ್ತಾರೆ.

2014ರಲ್ಲಿ ಸುಪ್ರೀಂ ಕೋರ್ಟು ಎತ್ತಿನಗಾಡಿ ಓಟವನ್ನು ತಡೆಯಿತು. 2017ರಲ್ಲಿ ಕರ್ನಾಟಕ ಕಾಯಿದೆ ತಿದ್ದಿ ಅವಕಾಶ ಕೊಟ್ಟಿತು. 2023ರ ಮೇ 18ರಂದು ಅದೇ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪ್ರಾಣಿಗೆ ಅನಗತ್ಯ ನೋವು ಕೂಡದೆಂಬುದು ಅದರ ಕರಾರು. ಬರೆ ಎಣಿಸುತ್ತಿದ್ದ ಕಾಕಾನಿಗೆ ಈ ಕರಾರು ಹೊಸದೆನಿಸುತ್ತಿರಲಿಲ್ಲ. ಓಟವನ್ನು ಸರಿಯಾಗಿ ನೋಡುವವನು ಓಡಿದ ಜೀವವನ್ನೂ ನೋಡಿಯೇ ನೋಡುತ್ತಾನೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ನಾವು ಮಾಡುವುದೇನು? ಇಳಕಲ್ಲಿನ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುತ್ತ ಓದಿದ ಹುಡುಗಿಯ 58ನ್ನೂ, ಮನೆಪಾಠಕ್ಕೆ ಇಬ್ಬರು ಮಾಸ್ತರರಿದ್ದ ಹುಡುಗನ 70ನ್ನೂ ಒಂದೇ ಹಾಳೆಯಲ್ಲಿ ಓದಿ, ಯಾರು ಮುಂದೆಂದು ಹೇಳಿ ಏಳುತ್ತೇವೆ. ಅವಳು ಎಷ್ಟು ನೆಲ ತುಳಿದು ಅಲ್ಲಿಗೆ ಬಂದಳೆಂಬುದು ಹಾಳೆಯಲ್ಲಿ ಅಚ್ಚಾಗಿರುವುದಿಲ್ಲ.