ಯೋಧನ ಅರ್ಜಿ ಮತ್ತು ಅಂಗೈಯ ಯಂತ್ರ

ಸೈನ್ಯವೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಬಂದೂಕು, ಹಿಮದ ನಡುವಿನ ಕಾವಲು, ಗಣರಾಜ್ಯೋತ್ಸವದ ಶಿಸ್ತಿನ ನಡಿಗೆ. ಆದರೆ ಮನೆಯ ಮಗನನ್ನೋ ಅಳಿಯನನ್ನೋ ಸೇನೆಗೆ ಕಳಿಸಿಕೊಟ್ಟ ಕುಟುಂಬಗಳಿಗೆ ಸೈನ್ಯದ ಇನ್ನೊಂದು ಮುಖವೂ ಚಿರಪರಿಚಿತ. ಅದು ಕಾಗದದ ಮುಖ. ರಜೆಯ ಅರ್ಜಿ, ವರ್ಗಾವಣೆಯ ಅರ್ಜಿ, ಮದುವೆಯ ದಾಖಲೆ, ಮಗು ಹುಟ್ಟಿದ ದಾಖಲೆ, ಚಿಕಿತ್ಸೆಯ ಚೀಟಿ, ನಿವೃತ್ತಿಯ ಪುಸ್ತಕ, ಪಿಂಚಣಿಯ ಆದೇಶ ಹೀಗೆ ಯೋಧನು ಹಿಡಿಯುವ ಬಂದೂಕು ಒಂದಾದರೆ ಅವನ ಬೆನ್ನು ಹತ್ತುವ ಕಾಗದಗಳು ನೂರು. ಆ ಕಾಗದಗಳೆಲ್ಲ ಈಗ ಒಂದೊಂದಾಗಿ ಮೊಬೈಲಿನ ಪರದೆಯೊಳಗೆ ಸೇರುತ್ತಿವೆ. ಅನೇಕ ದೇಶಗಳ ಸೇನೆಗಳು ತರಬೇತಿಗೂ ಕಚೇರಿಯ ವ್ಯವಹಾರಕ್ಕೂ ಆ್ಯಪ್‌ಗಳನ್ನು ಬಳಸತೊಡಗಿವೆ. ಈ ಬದಲಾವಣೆಯಿಂದ ಸೈನಿಕನ ಮನೆಗೆ ಆಗುವ ಉಪಕಾರವೇನು, ಎಚ್ಚರ ವಹಿಸಬೇಕಾದುದು ಎಲ್ಲಿ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯದಲ್ಲಿ ಮಾತನಾಡಲು ಇವನಿಗೇನು ಅಧಿಕಾರವೆಂದು ಓದುಗರು ಕೇಳಬಹುದು. ನಾನು ಸೈನಿಕನಲ್ಲ, ಯಂತ್ರಶಾಸ್ತ್ರ ಬಲ್ಲವನೂ ಅಲ್ಲ. ಮಠದಲ್ಲಿದ್ದು ಸಂಸ್ಕೃತ, ಹಳಗನ್ನಡ, ವ್ಯಾಕರಣಗಳನ್ನು ಓದಿ, ತಾಳೆಗರಿ ಮತ್ತು ಹಸ್ತಪ್ರತಿಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದವನು. ಆದರೆ ನನ್ನ ವಿದ್ಯಾರ್ಥಿದೆಸೆಯಲ್ಲಿ, 1970ರ ದಶಕದ ಉತ್ತರಾರ್ಧದಲ್ಲಿ, ಮಠಕ್ಕೆ ಬರುತ್ತಿದ್ದ ಹಳ್ಳಿಯ ಜನರಲ್ಲಿ ಓದುಬರಹ ಬಲ್ಲವರು ವಿರಳವಾಗಿದ್ದರು. ದುಂಡಗೆ ಬರೆಯುವ ಹುಡುಗನೆಂದು ಪತ್ರ ಬರೆಯುವ, ಬಂದ ಪತ್ರವನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. ಸೇನೆಯಲ್ಲಿದ್ದ ಮಕ್ಕಳಿಗೆ ಎಷ್ಟೋ ತಾಯಂದಿರ ಪರವಾಗಿ ಇನ್‌ಲ್ಯಾಂಡ್ ಪತ್ರಗಳನ್ನು ಬರೆದಿದ್ದೇನೆ. ಆ ವಿಳಾಸಗಳಲ್ಲಿ ಊರಿನ ಹೆಸರೇ ಇರುತ್ತಿರಲಿಲ್ಲ. ಸೈನಿಕನ ಸಂಖ್ಯೆ, ಹೆಸರು, ದಳ, ಕೊನೆಗೆ 56 ಎ.ಪಿ.ಓ. ಅಥವಾ 99 ಎ.ಪಿ.ಓ. ಎಂದು ಬರೆದರೆ ಮುಗಿಯಿತು. "ನನ್ನ ಮಗ ಇರೂ ಊರಿಗೆ ಹೆಸರ ಇಲ್ಲೇನಪಾ?" ಎಂದು ಒಬ್ಬ ವೃದ್ಧೆ ಕೇಳಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಪತ್ರಗಳ ಜೊತೆಗೆ ಅರ್ಜಿಗಳೂ ಬಂದವು. ಅವುಗಳಲ್ಲಿ ಒಂದನ್ನು ಮರೆಯಲಾರೆ. ನಿವೃತ್ತನಾಗಿ ಊರಿಗೆ ಬಂದಿದ್ದ ಯೋಧನೊಬ್ಬ ತೀರಿಕೊಂಡಿದ್ದ. ಅವನ ಹೆಂಡತಿಗೆ ಕುಟುಂಬ ಪಿಂಚಣಿ ಬರಬೇಕಾಗಿತ್ತು. ಸೇನೆಯ ದಾಖಲೆಯಲ್ಲಿ ಆಕೆಯ ಹೆಸರಿನ ಕೊನೆಗೆ 'ಅಮ್ಮ' ಎಂದಿದ್ದರೆ ಊರಿನ ದಾಖಲೆಯಲ್ಲಿ 'ಅವ್ವ' ಎಂದಿತ್ತು. ಇಬ್ಬರೂ ಒಬ್ಬಳೇ ಎಂದು ತೋರಿಸಲು ಅರ್ಜಿ ಬರೆದುಕೊಟ್ಟೆ. ಆಕೆ ಅದನ್ನು ಒಂದು ಕಚೇರಿಗೆ ಕೈಯಾರೆ ಒಯ್ದು ಕೊಟ್ಟಳು. ಸ್ವೀಕೃತಿ ಕೇಳಿದ್ದಕ್ಕೆ ಗದರಿಸಿ ಕಳಿಸಿದರು. ಆರು ತಿಂಗಳ ತರುವಾಯ ವಿಚಾರಿಸಿದರೆ ಅಂಥ ಕಾಗದವೇ ಬಂದಿಲ್ಲವೆಂದರು. ಮತ್ತೆ ಬರೆದೆವು, ಮತ್ತೆ ಅದೇ ಉತ್ತರ. ಪಿಂಚಣಿ ಕೈಸೇರುವಷ್ಟರಲ್ಲಿ ಮೂರು ವರ್ಷಗಳು ಸಂದಿದ್ದವು. ಆ ಮೂರು ವರ್ಷ ಆಕೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಕೂಲಿಗೆ ಹೋದಳು. ಬಡತನಕ್ಕಿಂತಲೂ ಮಿಗಿಲಾಗಿ ಆಕೆಯನ್ನು ನೋಯಿಸಿದ್ದು ಮತ್ತೊಂದು. "ಕೊಡೂದಿಲ್ಲ ಅಂದಿದ್ರ ಸುಮ್ಮಕ ಇರ್ತಿದ್ನಿ. ನಾ ಕೇಳೇ ಇಲ್ಲ ಅಂತಾರಲ್ಲ!" ಎಂದು ಆಕೆ ಕಣ್ಣೀರು ಹಾಕುತ್ತಿದ್ದಳು. ಮೊರೆಯಿಟ್ಟವನ ಮೊರೆಗೆ ಒಂದು ಗುರುತು ಇರಬೇಕು. ಅದನ್ನು ಇಲ್ಲವೆನ್ನಲು ಯಾರಿಗೂ ಸಾಧ್ಯವಾಗಬಾರದು. ಈ ಹೊಸ ಯಂತ್ರಗಳನ್ನು ನಾನು ಅಳೆಯುವುದು ಇದೊಂದೇ ಅಳತೆಗೋಲಿನಿಂದ.

ಈ ಸಂಕಟ ನಮ್ಮ ದೇಶಕ್ಕೆ ಮಾತ್ರ ಸೀಮಿತವಾದುದಲ್ಲ. 2022ರ ಫೆಬ್ರವರಿಯಿಂದ ಘೋರ ಯುದ್ಧದಲ್ಲಿ ಸಿಲುಕಿದ ಉಕ್ರೇನ್ ದೇಶದ ಸೇನೆಯಲ್ಲಿ ಸೈನಿಕನು ತನಗೆ ಬೇಕಾದುದನ್ನು 'ರಪೋರ್ಟ್' ಎಂಬ ಕಾಗದದ ಮೂಲಕ ಕೇಳುವ ಪದ್ಧತಿ ಸೋವಿಯತ್ ಕಾಲದಿಂದಲೂ ನಡೆದುಬಂದಿತ್ತು. ರಜೆ ಬೇಕೆಂದರೂ, ಹಣದ ನೆರವು ಬೇಕೆಂದರೂ, ಬೇರೊಂದು ದಳಕ್ಕೆ ಹೋಗಬೇಕೆಂದರೂ ಅದನ್ನು ಬರೆದು ಮೇಲಧಿಕಾರಿಯ ಕೈಯಲ್ಲಿಡಬೇಕು. ಅದು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಬೇಕು. ಕಂದಕದಲ್ಲಿ ಕುಳಿತವನ ಕಾಗದ ಎಲ್ಲಿ ನಿಂತಿತು, ಯಾರ ಮೇಜಿನಲ್ಲಿ ಮಲಗಿತು ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ. 2024ರ ಆಗಸ್ಟ್ ತಿಂಗಳಲ್ಲಿ ಆ ದೇಶವು 'ಆರ್ಮಿ ಪ್ಲಸ್' ಎಂಬ ಆ್ಯಪನ್ನು ಬಳಕೆಗೆ ತಂದಿತು. ಸೈನಿಕನು ಮೊಬೈಲಿನಲ್ಲಿ ಸಿದ್ಧ ನಮೂನೆಯನ್ನು ತುಂಬಿ, ವಿದ್ಯುನ್ಮಾನ ಸಹಿ ಹಾಕಿ ಕಳಿಸಿದರೆ ಅರ್ಜಿ ಯಾವ ಹಂತದಲ್ಲಿದೆ ಎಂಬುದನ್ನು ಅವನೇ ನೋಡಬಹುದು. ಅದೇ ವರ್ಷದ ನವೆಂಬರ್‌ನಲ್ಲಿ ಒಂದು ದಳದಿಂದ ಇನ್ನೊಂದು ದಳಕ್ಕೆ ವರ್ಗಾವಣೆ ಕೇಳುವ ಸೌಕರ್ಯವೂ ಸೇರಿತು. ಒಪ್ಪುವ ಅಥವಾ ನಿರಾಕರಿಸುವ ಅಧಿಕಾರ ಮೇಲಿನವರದೇ ಆಗಿ ಉಳಿದಿದೆ. ಆದರೆ "ನಿನ್ನ ಕಾಗದ ಬಂದೇ ಇಲ್ಲ" ಎಂದು ಹೇಳುವ ಅವಕಾಶ ಕಡಿಮೆಯಾಯಿತು. ಇದನ್ನು ಓದಿದಾಗ ನನ್ನ ಮನಸ್ಸು ಆ ಕೂಲಿಯ ಹೆಣ್ಣುಮಗಳ ಮಾತಿನ ಕಡೆಗೆ ತಾನಾಗಿ ಹೊರಳಿತು.

ಕಾಗದದಂತೆಯೇ ಕಲಿಕೆಯೂ ಪರದೆಗೆ ಬಂದಿದೆ. ಅಮೆರಿಕದ ಭೂಸೇನೆ 2010ರಲ್ಲಿ ತನ್ನ ಸೈನಿಕರಿಗೂ ನಾಗರಿಕ ನೌಕರರಿಗೂ ಒಂದು ಸ್ಪರ್ಧೆಯನ್ನು ಏರ್ಪಡಿಸಿ, ಸೇನೆಗೆ ಉಪಯೋಗವಾಗುವ ಆ್ಯಪ್‌ಗಳನ್ನು ನೀವೇ ರಚಿಸಿಕೊಡಿ ಎಂದು ಕೇಳಿತು. 75 ದಿನಗಳ ಅವಧಿಯಲ್ಲಿ 53 ಆ್ಯಪ್‌ಗಳು ಬಂದವು. ದೇಹದಾರ್ಢ್ಯದ ಅಭ್ಯಾಸಕ್ರಮವನ್ನು ರೂಪಿಸಿಕೊಡುವುದು ಅವುಗಳಲ್ಲಿ ಒಂದಾದರೆ, ಸೈನಿಕನು ತನ್ನ ಮನಸ್ಸಿನ ಏರಿಳಿತಗಳನ್ನು ತಾನೇ ಗುರುತು ಹಾಕಿಕೊಳ್ಳಲು ನೆರವಾಗುವುದು ಇನ್ನೊಂದು. 2012ರಲ್ಲಿ ಅದೇ ದೇಶದ ವಾಯುಸೇನೆಯ ಸಾರಿಗೆ ವಿಭಾಗವು ವಿಮಾನ ಸಿಬ್ಬಂದಿಯ ಚೀಲದಲ್ಲಿದ್ದ ನಕಾಶೆ, ಕೈಪಿಡಿಗಳ ಬದಲಿಗೆ ಐಪ್ಯಾಡ್‌ಗಳನ್ನು ಕೊಡಲು ಮುಂದಾಯಿತು. ಗುರುಮುಖದಿಂದ ಕಲಿತ ನನ್ನಂಥವನಿಗೆ ಯಂತ್ರಮುಖದ ಪಾಠ ಅರ್ಧವೆಂದೇ ತೋರುತ್ತದೆ. ಶಬ್ದರೂಪವನ್ನು ನೂರು ಬಾರಿ ಉರುಹೊಡೆಯಲು ಪುಸ್ತಕ ಸಾಕು, ಆದರೆ ಉಚ್ಚಾರದೋಷವನ್ನು ತಿದ್ದಲು ಎದುರಿಗೆ ಗುರು ಕುಳಿತಿರಬೇಕು. ಹಾಗೆಯೇ ನಿಯಮವನ್ನೂ ನಕಾಶೆಯನ್ನೂ ಮತ್ತೆ ಮತ್ತೆ ಓದಲು ಮೊಬೈಲು ಒಳ್ಳೆಯ ಸಾಧನ. ಗಾಯಗೊಂಡ ಗೆಳೆಯನ ರಕ್ತಸ್ರಾವವನ್ನು ನಿಲ್ಲಿಸುವ ಕೈಯನ್ನು ಮಾತ್ರ ಇನ್ನೊಂದು ಕೈಯೇ ಹಿಡಿದು ಕಲಿಸಬೇಕು.

ಈಗ ನಮ್ಮ ನಾಡಿನ ಸ್ಥಿತಿಯನ್ನು ನೋಡೋಣ. ಭಾರತದ ರಕ್ಷಣಾ ಪಿಂಚಣಿಗಾಗಿ ರೂಪುಗೊಂಡ 'ಸ್ಪರ್ಶ್' ಎಂಬ ಅಂತರ್ಜಾಲ ವ್ಯವಸ್ಥೆಯು ಮಂಜೂರಾತಿಯಿಂದ ಹಣ ಜಮೆಯಾಗುವವರೆಗಿನ ಕೆಲಸವನ್ನು ಒಂದೇ ಕಡೆಗೆ ತಂದಿದೆ. ಪ್ರಯಾಗ್‌ರಾಜ್‌ನಲ್ಲಿರುವ ರಕ್ಷಣಾ ಲೆಕ್ಕಪತ್ರ ಕಚೇರಿಯು ಇದನ್ನು ನಡೆಸುತ್ತದೆ. 2024ರ ಹೊತ್ತಿಗೆ 30 ಲಕ್ಷಕ್ಕೂ ಹೆಚ್ಚು ಪಿಂಚಣಿದಾರರು ಇದರೊಳಗೆ ಬಂದಿದ್ದರು. ತನ್ನ ಪಿಂಚಣಿ ಆದೇಶವನ್ನು ನೋಡುವುದು, ದೂರು ಸಲ್ಲಿಸಿ ಅದರ ಗತಿಯನ್ನು ತಿಳಿಯುವುದು ಈಗ ಮನೆಯಲ್ಲಿದ್ದೇ ಸಾಧ್ಯ. ಪ್ರತಿವರ್ಷ "ನಾನು ಬದುಕಿದ್ದೇನೆ" ಎಂದು ಸಾಬೀತು ಮಾಡಲು ಬ್ಯಾಂಕಿನ ಮೆಟ್ಟಿಲು ಹತ್ತುವ ಕಷ್ಟವನ್ನು 2014ರ ನವೆಂಬರ್‌ನಲ್ಲಿ ಬಂದ 'ಜೀವನ್ ಪ್ರಮಾಣ್' ಎಂಬ ಯೋಜನೆ ತಗ್ಗಿಸಿತು. ಆದರೆ ಅದು ಮೊದಲು ಕೇಳಿದ್ದು ಬೆರಳಚ್ಚು ಅಥವಾ ಕಣ್ಣಿನ ಗುರುತನ್ನು. ಜೀವಮಾನವಿಡೀ ಹೊಲದಲ್ಲಿ ದುಡಿದ ಕೈಗಳಲ್ಲಿ ಬೆರಳ ಗೆರೆಗಳು ಸವೆದು ಹೋಗಿರುತ್ತವೆ. 2021ರ ನವೆಂಬರ್‌ನಲ್ಲಿ ಮುಖವನ್ನು ನೋಡಿ ಗುರುತಿಸುವ ವಿಧಾನವೂ ಸೇರಿದ ಮೇಲೆ ಅಂಥವರಿಗೆ ಅನುಕೂಲವಾಯಿತು. ಈಗ ಮೊಮ್ಮಗ ಅಜ್ಜಿಯ ಮುಖದ ಮುಂದೆ ಮೊಬೈಲು ಹಿಡಿದರೆ ಆಕೆ ಬದುಕಿದ್ದಾಳೆಂದು ಸರಕಾರ ಒಪ್ಪುತ್ತದೆ.

ಆದರೂ ಒಂದು ಹಳೆಯ ತೊಡಕು ಹೊಸ ವೇಷದಲ್ಲಿ ಉಳಿದುಕೊಂಡಿದೆ. ಅದು ಹೆಸರಿನ ತೊಡಕು, ನನ್ನ ಕಸುಬಿಗೆ ಹತ್ತಿರವಾದುದು. ಹಸ್ತಪ್ರತಿಗಳಲ್ಲಿ ಒಬ್ಬ ಲಿಪಿಕಾರ ಬರೆದುದನ್ನು ಇನ್ನೊಬ್ಬ ನಕಲು ಮಾಡುವಾಗ ಅಕ್ಷರ ಬದಲಾಗುತ್ತದೆ. ಅದನ್ನು ನಾವು ಪಾಠಾಂತರವೆನ್ನುತ್ತೇವೆ. ಸಂಪಾದಕನು ಸಂದರ್ಭವನ್ನು ತೂಗಿ, ಎರಡು ಪಾಠಗಳ ಹಿಂದಿರುವ ಪದ ಒಂದೇ ಎಂದು ನಿರ್ಣಯಿಸುತ್ತಾನೆ. ಮನುಷ್ಯನ ಹೆಸರಿಗೂ ಪಾಠಾಂತರಗಳಿವೆ. ನಮ್ಮ ಭಾಗದ 'ನೀಲವ್ವ' ಎಂಬ ಹೆಸರನ್ನು ಕನ್ನಡ ಬಾರದ ಗುಮಾಸ್ತನೊಬ್ಬ ಕೇಳಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಅದು 'ನಿಲಾವಾ' ಆಗಬಹುದು. ಹ್ರಸ್ವ ದೀರ್ಘಗಳು ಕರಗುತ್ತವೆ, ಲಕಾರ ಳಕಾರಗಳು ಒಂದಾಗುತ್ತವೆ, ಒತ್ತಕ್ಷರ ಬಿದ್ದುಹೋಗುತ್ತದೆ. ಒಂದು ಕಡೆ ಅಡ್ಡಹೆಸರು ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಅದರ ಸುಳಿವೇ ಇಲ್ಲ. ಓದುವವನು ಮನುಷ್ಯನಾದರೆ ನಕ್ಕು ಇವರೆಲ್ಲ ಒಬ್ಬರೇ ಎನ್ನಬಲ್ಲ. ಯಂತ್ರಕ್ಕೆ ಒಂದು ಅಕ್ಷರ ಬೇರೆಯಾದರೆ ಅವಳು ಬೇರೊಬ್ಬ ಹೆಂಗಸು. ಆಧಾರ್ ಚೀಟಿಯೊಂದಿಗೆ ದಾಖಲೆಯನ್ನು ತಾಳೆ ನೋಡುವ ಈ ದಿನಗಳಲ್ಲಿ ಅಕ್ಷರದ ವ್ಯತ್ಯಾಸವೇ ಅನ್ನದ ವ್ಯತ್ಯಾಸವಾಗಬಹುದು. ಆದರೆ ಒಂದು ಮಾತನ್ನು ಒಪ್ಪಲೇಬೇಕು. ಹಿಂದೆ ಆ ತಪ್ಪು ಬಹುಮಟ್ಟಿಗೆ ಗಂಡ ಸತ್ತ ಮೇಲೆ ಬೆಳಕಿಗೆ ಬರುತ್ತಿತ್ತು. ಈಗ ಅವನು ಬದುಕಿರುವಾಗಲೇ ಪರದೆಯ ಮೇಲೆ ನೋಡಿ ತಿದ್ದಿಸಬಹುದು. ನೋಡುವ ಮನಸ್ಸು ಮಾಡಬೇಕಷ್ಟೆ.

ಅಂಗೈಯ ಯಂತ್ರಕ್ಕೆ ಇನ್ನೊಂದು ದೋಷವುಂಟು: ಅದು ಗುಟ್ಟನ್ನು ಕಾಯಲಾರದು. ಓಟ, ನಡಿಗೆಗಳ ಲೆಕ್ಕವಿಡುವ 'ಸ್ಟ್ರಾವಾ' ಎಂಬ ಆ್ಯಪ್ ತನ್ನ ಬಳಕೆದಾರರ ಓಟದ ಜಾಡುಗಳನ್ನೆಲ್ಲ ಸೇರಿಸಿ ಜಗತ್ತಿನ ನಕಾಶೆಯೊಂದನ್ನು ಪ್ರಕಟಿಸಿತ್ತು. ಮರುಭೂಮಿಯ ಕತ್ತಲಲ್ಲಿ ಹೊಳೆಯುವ ಆ ಗೆರೆಗಳು ಸೇನಾ ನೆಲೆಗಳನ್ನು ತೋರಿಸಿಕೊಡುತ್ತಿವೆ ಎಂಬುದು 2018ರ ಜನವರಿಯಲ್ಲಿ ಬಯಲಾಯಿತು. ದೇಹ ಸಾಧನೆಗೆಂದು ಓಡಿದ ಸೈನಿಕರು ಅರಿಯದೆಯೇ ತಮ್ಮ ಠಾಣೆಯ ಚಿತ್ರ ಬರೆದಿದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ, ಕಾರ್ಯಾಚರಣೆಯ ಪ್ರದೇಶಗಳಲ್ಲಿ ಸ್ಥಳ ತೋರಿಸುವ ಸೌಕರ್ಯವನ್ನು ಬಳಸಕೂಡದೆಂದು ಆಜ್ಞಾಪಿಸಿತು. ನಮ್ಮ ಭೂಸೇನೆಯೂ 2020ರ ಜುಲೈನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿದಂತೆ 89 ಆ್ಯಪ್‌ಗಳನ್ನು ತೆಗೆದುಹಾಕಲು ತನ್ನವರಿಗೆ ಸೂಚಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಂದೇಶ, ಮಾತುಕತೆಗಳಿಗಾಗಿ ಸೇನೆಯೇ ಸಿದ್ಧಪಡಿಸಿದ 'ಸಾಯಿ' ಎಂಬ ಸುರಕ್ಷಿತ ಆ್ಯಪ್ ಬಂದುದನ್ನು ರಕ್ಷಣಾ ಇಲಾಖೆ ಪ್ರಕಟಿಸಿತು. ಎ.ಪಿ.ಓ. ಸಂಖ್ಯೆಯ ಹಿಂದೆ ಊರಿನ ಹೆಸರನ್ನು ಮರೆಮಾಡುತ್ತಿದ್ದ ಹಿರಿಯರ ವಿವೇಕ ಇಲ್ಲಿ ನೆನಪಾಗುತ್ತದೆ. ಆ ವೃದ್ಧೆಯ ಪ್ರಶ್ನೆಗೆ ಅಂದು ಸಿಗದ ಉತ್ತರ ಇದೇ ಆಗಿತ್ತು. ಮಗನಿರುವ ಊರಿಗೆ ಹೆಸರಿಲ್ಲದಿರುವುದೇ ಮಗನಿಗೆ ರಕ್ಷೆ.

ಆದ್ದರಿಂದ ಸೈನಿಕರನ್ನು, ನಿವೃತ್ತ ಯೋಧರನ್ನು ಹೊಂದಿರುವ ಮನೆಗಳವರಲ್ಲಿ ನನ್ನ ಕೆಲವು ವಿನಂತಿಗಳಿವೆ. ಸೇವೆಯಲ್ಲಿರುವ ಮಗನು ರಜೆಗೆ ಬಂದಾಗ ಹಬ್ಬದ ಊಟದ ಜೊತೆಗೆ ಒಂದು ಗಂಟೆಯನ್ನು ಕಾಗದಗಳಿಗೂ ಮೀಸಲಿಡಿರಿ. ಮದುವೆಯೂ ಮಕ್ಕಳ ಜನನವೂ 'ಪಾರ್ಟ್ ಟೂ ಆರ್ಡರ್' ಎಂಬ ಸೇನಾ ದಾಖಲೆಯಲ್ಲಿ ಸೇರಿವೆಯೇ, ಹೆಂಡತಿಯ ಹೆಸರು ಆಧಾರ್ ಚೀಟಿಯಲ್ಲೂ ಬ್ಯಾಂಕಿನಲ್ಲೂ ಸೇನೆಯಲ್ಲೂ ಒಂದೇ ತೆರನಾಗಿದೆಯೇ ಎಂಬುದನ್ನು ಅಕ್ಷರಶಃ ಹೋಲಿಸಿರಿ. ವ್ಯತ್ಯಾಸ ಕಂಡರೆ ಈಗಲೇ ತಿದ್ದಿಸಿರಿ. ಕೈಲಾಗದವರು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯನ್ನೋ ಸಮೀಪದ ಸೇವಾ ಕೇಂದ್ರವನ್ನೋ ಆಶ್ರಯಿಸಬಹುದು. ಮೊಬೈಲಿಗೆ ಬರುವ ಒ.ಟಿ.ಪಿ. ಎಂಬ ಗುಪ್ತ ಸಂಖ್ಯೆಯನ್ನು ಫೋನಿನಲ್ಲಿ ಕೇಳಿದವರಿಗೆ ಕೊಡಬೇಡಿರಿ. ಪಿಂಚಣಿಯ ಹೆಸರು ಹೇಳಿ ವಂಚಿಸುವವರು ಹೆಚ್ಚಿದ್ದಾರೆ. ಮಗನು ಎಲ್ಲಿದ್ದಾನೆ, ಯಾವಾಗ ಎಲ್ಲಿಗೆ ಹೋಗುತ್ತಾನೆ ಎಂಬುದನ್ನು ಅಭಿಮಾನದಿಂದಲೂ ಸಾಮಾಜಿಕ ಜಾಲತಾಣಗಳಲ್ಲಿ ಬರೆಯದಿರಿ.

ಓದಿದ ಯುವಕ ಯುವತಿಯರಿಗೆ ಇನ್ನೊಂದು ಮಾತು. ಅಂದು ಅಕ್ಷರ ಬಲ್ಲವನು ಅಕ್ಷರ ಬಾರದವರ ಅರ್ಜಿ ಬರೆಯಬೇಕಾಗಿತ್ತು. ಇಂದು ಅಕ್ಷರ ಬಲ್ಲ ಹಿರಿಯರೂ ಪರದೆಯ ಮುಂದೆ ಅನಕ್ಷರಸ್ಥರಾಗಿ ಕುಳಿತಿದ್ದಾರೆ. ನಿಮ್ಮ ಓಣಿಯಲ್ಲಿ ಒಬ್ಬ ಮಾಜಿ ಯೋಧನೋ ಯೋಧನ ವಿಧವೆಯೋ ಇದ್ದರೆ ನವೆಂಬರ್ ತಿಂಗಳಲ್ಲಿ ಒಂದು ಸಂಜೆ ಅವರ ಮನೆಗೆ ಹೋಗಿರಿ. ಅವರ ಎದುರಿಗೇ ಕುಳಿತು, ಏನು ಮಾಡುತ್ತಿದ್ದೇವೆ ಎಂಬುದನ್ನು ಬಿಡಿಸಿ ಹೇಳುತ್ತ, ಜೀವಂತ ಪ್ರಮಾಣಪತ್ರವನ್ನು ಸಲ್ಲಿಸಿಕೊಡಿರಿ. ಅದಕ್ಕೆ ಬಂದ ಸಂಖ್ಯೆಯನ್ನು ಒಂದು ಹಾಳೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದು ಅವರ ಕೈಗೆ ಕೊಡಿರಿ. ಯಂತ್ರವು ಅರ್ಜಿಗೆ ಗುರುತು ಕೊಡಬಲ್ಲದು, ಆ ಗುರುತನ್ನು ಅವರಿಗೆ ಅರ್ಥವಾಗುವಂತೆ ತಲುಪಿಸುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.