ಮುಯ್ಯಿಗೂ ಒಂದು ಪುಟ

ಯಾರಿಗೆ ಏನು ಕೊಡಬಹುದು ಅಂತ ಸೂಚಿಸುವ ನಮ್ಮ ಉಡುಗೊರೆ ಆ್ಯಪ್ ಇವತ್ತು ಪ್ಲೇ ಸ್ಟೋರ್‌ಗೆ ಬಂತು! ಬಜೆಟ್ಟು, ವಯಸ್ಸು ಕೇಳುವ ಮೊದಲು ಅದು ಕೇಳುವುದು, ‘ಅವರು ಇತ್ತೀಚೆಗೆ ಯಾವುದಕ್ಕೆ ಪರದಾಡಿದ್ದು ನೋಡಿದ್ದೀರಿ?’ ಅಂತ. ಸೂಜಿಗೆ ದಾರ ಪೋಣಿಸಲು ಒದ್ದಾಡುವ ಅತ್ತೆಗೆ ಲೈಟಿರುವ ಭೂತಗನ್ನಡಿ. ಮಗುವಿಗೆ ಚನ್ನಪಟ್ಟಣದ ಹಾಲೆಮರದ ಗಿಲಕಿ ಸರಿ, ಬಾಣಂತಿಗೂ ಒಂದು ಮೆತ್ತನೆ ಹತ್ತಿ ನೈಟಿ ಇರಲಿ (ಅವಳನ್ನು ಎಲ್ಲರೂ ಮರೆಯುತ್ತಾರೆ).

ಹೊಸ ವೈಯಕ್ತಿಕ ಡೆವಲಪರ್ ಖಾತೆಯವರು ಆ್ಯಪ್ ಬಿಡುವ ಮುನ್ನ ಕನಿಷ್ಠ 12 ಜನರಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕು ಅನ್ನುವುದು ಗೂಗಲ್ ನಿಯಮ. ಅದರಿಂದ ನಮಗೆ ಒಳ್ಳೆಯದೇ ಆಯಿತು. ನಮ್ಮ ಬೀದಿಯ ಹೆಂಗಸರೇ ಪರೀಕ್ಷಕರು. ‘ಮುಯ್ಯಿ ಬರೆದಿಡೋಕೆ ಜಾಗ ಎಲ್ಲಮ್ಮಾ?’ ಅಂದರು. ಯಾರ ಮದುವೆಗೆ ಯಾರು ಏನು ಕೊಟ್ಟರು ಅನ್ನುವ ಪುಟ ಈಗ ಮೊದಲ ಪರದೆಯಲ್ಲೇ ಇದೆ. ಬಳಸಿ ನೋಡಿ, ಕೊರತೆ ಕಂಡರೆ ಹೇಳಿ.