ಮದ್ದೂರಿನವರೆಗೆ ರೈಲು, ಮಳವಳ್ಳಿಗೆ ಬಸ್ಸು

ಮಂಡ್ಯದಿಂದ ಮಳವಳ್ಳಿಗೆ ಹೋಗುವವರು ಯಾರೂ ರೈಲು ಹತ್ತುವುದಿಲ್ಲ. ನೆಟ್ಟಗೆ ಬಸ್ಸಿದೆ. ಅದೂ 2023ರ ಜೂನ್‌ನಿಂದ ನಮ್ಮಂಥ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡೂ ಇಲ್ಲ. ಆದರೂ ನಾನು ತವರಿಗೆ ಹೊರಟಾಗಲೆಲ್ಲ ಮದ್ದೂರಿನವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿಯುತ್ತೇನೆ. "ಪುಕ್ಕಟೆ ಬಸ್ಸು ಬಿಟ್ಟು, ದುಡ್ಡು ಕೊಟ್ಟು ಸುತ್ತಿಕೊಂಡು ಹೋಗ್ತೀಯಲ್ಲ, ನಿನಗೇನು ತಲೆ ಕೆಟ್ಟಿದೆಯಾ?" ಎಂದು ನಮ್ಮ ಯಜಮಾನರು ಪ್ರತಿ ಸಲವೂ ಕೇಳುತ್ತಾರೆ. ಅಪ್ಪನಿಗೆ ಮದ್ದೂರು ವಡೆ ಬೇಕು, ಅದೊಂದು ಕಾರಣ. ಇನ್ನೊಂದು, ನಾನು ಹೊಸ್ತಿಲು ತುಳಿಯುತ್ತಿದ್ದಂತೆ ಅಪ್ಪ "ಯಾವ ಗಾಡೀಲಿ ಬಂದೆ ಮಗ?" ಎಂದು ಕೇಳುತ್ತಾರೆ. ಆಗ "ರೈಲಲ್ಲೇ ಬಂದೆ ಕಣಪ್ಪ" ಅನ್ನಬೇಕೆಂಬ ಆಸೆ. ಅರ್ಧ ಸುಳ್ಳಾದರೂ ಆಗಲಿ.

ಮಳವಳ್ಳಿಗೆ ರೈಲಿಲ್ಲ. ಬರುತ್ತದೆ ಅಂತ ಸುದ್ದಿಯಾದದ್ದು ನಾನು ಎಸ್ಸೆಸ್ಸೆಲ್ಸಿ ಓದುವಾಗ. 1996-97ರಲ್ಲಿ ಬೆಂಗಳೂರು–ಸತ್ಯಮಂಗಲ ಮಾರ್ಗ ಮಂಜೂರಾಯಿತು. ಅದರಲ್ಲಿ ನಮ್ಮ ಕಡೆಯ ಭಾಗ ಬಿಡದಿಗೆ ಮೊದಲು ಸಿಗುವ ಹೆಜ್ಜಾಲದಲ್ಲಿ ಕವಲೊಡೆದು ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರ ಸೇರಬೇಕು. ಒಟ್ಟು 142 ಕಿಲೋಮೀಟರು. ಅಪ್ಪ ಪೇಪರು ಹಿಡಿದುಕೊಂಡು ಬಂದು, "ನಿನ್ನ ಮದುವೆ ದಿಬ್ಬಣ ರೈಲಲ್ಲೇ ಬತ್ತದೆ" ಎಂದಿದ್ದರು. ದಿಬ್ಬಣ ಲಾರಿಯಲ್ಲಿ ಬಂತು. ಈಗ ನನ್ನ ಮಗಳೇ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ.

ಕಳೆದ ಕಾರ್ತಿಕದಲ್ಲಿ ಹೀಗೇ ಹೊರಟೆ. ಬೆಳಗಿನ ರೈಲಿನಲ್ಲಿ ಹೂವಿನ ಬುಟ್ಟಿಯವರು, ಕಾಲೇಜು ಹುಡುಗರು, ಬೆಂಗಳೂರಿಗೆ ದಿನಾ ಹೋಗಿಬರುವ ನೌಕರರು ಎಲ್ಲ ಇರುತ್ತಾರೆ. ಬಾಗಿಲ ಹತ್ತಿರ ನಿಂತರೆ ಹನಕೆರೆ ಕಳೆಯುವವರೆಗೂ ಕಬ್ಬಿನ ಗದ್ದೆಯ ಗಾಳಿ. ಅದು ಸಾಕು ನನಗೆ. ಈ ದಾರಿಯನ್ನು ನೋಡುವಾಗ ನನಗೆ ಯಾವಾಗಲೂ ಒಂದು ಲೆಕ್ಕ ನೆನಪಾಗುತ್ತದೆ. 1876ರಿಂದ 78ರವರೆಗಿನ ಭಾರೀ ಬರಗಾಲದಲ್ಲಿ ಹೊಟ್ಟೆಗಿಲ್ಲದ ಜನಕ್ಕೆ ಕೂಲಿ ಕೊಡಬೇಕೆಂದು ಶುರುವಾದ ಹಳಿ ಇದು. ಗುದ್ದಲಿ, ಮಂಕರಿ, ಎತ್ತಿನ ಗಾಡಿಯ ಕಾಲ. ಆದರೂ 1882ರ ಹೊತ್ತಿಗೆ ಬೆಂಗಳೂರಿನಿಂದ ಮೈಸೂರಿನವರೆಗೆ ಸುಮಾರು 138 ಕಿಲೋಮೀಟರು ರೈಲು ಓಡಿತು. ನಮ್ಮದು 142. ಜಾಸ್ತಿಯೇನಿಲ್ಲ, ನಾಲ್ಕೇ ಕಿಲೋಮೀಟರು. ಇದೇ ಮಾರ್ಗಕ್ಕೆ ಎರಡನೇ ಹಳಿ ಹಾಕುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನ ಮನೆ ಅಡ್ಡ ಬಂತು. ಆ ಕೆಲಸವೂ ವರ್ಷಗಟ್ಟಲೆ ನಿಂತಿತ್ತು. ಕೊನೆಗೆ 2017ರಲ್ಲಿ ಇಡೀ ಕಟ್ಟಡವನ್ನೇ ಬುಡಸಹಿತ ಎತ್ತಿ ಪಕ್ಕಕ್ಕೆ ಸರಿಸಿದರು. ಮನಸ್ಸು ಮಾಡಿದರೆ ಆಗದ್ದೇನಿಲ್ಲ ಅಂತ ಆಗ ನಾವೆಲ್ಲ ಮಾತಾಡಿಕೊಂಡೆವು.

ಮದ್ದೂರು ವಡೆಯ ಹುಟ್ಟೂ ರೈಲಿನ ಹೊತ್ತುಗೊತ್ತಿನದೇ. 1917ರಲ್ಲಿ ಇದೇ ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯರು ಪಕೋಡಕ್ಕೆ ಹಿಟ್ಟು ಕಲಸುತ್ತಿದ್ದಾಗ ರೈಲು ಹೊತ್ತಿಗೆ ಮುಂಚೆಯೇ ಬಂದುಬಿಟ್ಟಿತಂತೆ. ಉಂಡೆ ಬೇಯಿಸಲು ಹೊತ್ತೆಲ್ಲಿ? ಹಿಟ್ಟನ್ನೇ ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. (ಮನೆಯಲ್ಲಿ ಮಾಡುವವರು ಗಮನಿಸಿ: ಚಿರೋಟಿ ರವೆ, ಅಕ್ಕಿ ಹಿಟ್ಟು, ಸ್ವಲ್ಪ ಮೈದಾ. ಈರುಳ್ಳಿಯನ್ನು ಉಪ್ಪು ಹಾಕಿ ಚೆನ್ನಾಗಿ ಕಿವುಚಿ, ಕಾದ ಎಣ್ಣೆ ಸುರಿದು ಕಲಸಿದರೇ ಗರಿಗರಿ. ನೀರು ಜಾಸ್ತಿಯಾದರೆ ಕೆಟ್ಟಿತು.) ರೈಲು ಬೇಗ ಬಂದ ಊರಿಗೆ ವಡೆ ಸಿಕ್ಕಿತು. ನಮ್ಮ ಮಳವಳ್ಳಿಗೆ ಏನು ಸಿಕ್ಕಿತೋ ಕಾಣೆ.

ವಡೆ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. 2023ರಲ್ಲಿ ಹೊಸ ಹೆದ್ದಾರಿ ಆದಮೇಲೆ ಕಾರುಗಳು ಮದ್ದೂರನ್ನು ಬಳಸಿಕೊಂಡು ಹಾರಿಹೋಗುತ್ತವೆ. ಪೇಟೆಯ ಹೋಟೆಲುಗಳ ಮುಂದೆ ಮೊದಲಿನ ಗಲಾಟೆ ಇಲ್ಲ. ಕೆ.ಎಂ. ದೊಡ್ಡಿಯ ಸಕ್ಕರೆ ಕಾರ್ಖಾನೆ ಹತ್ತಿರ ಬಂದಂತೆ ಕಬ್ಬಿನ ಗಾಡಿಗಳ ಸಾಲು, ಬಸ್ಸು ಆಮೆಯ ಹಾಗೆ. ನನ್ನ ಪಕ್ಕ ಕೂತಿದ್ದ ಹೆಂಗಸು ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಹೋಗಿಬರುತ್ತಿದ್ದಳು. ತುಪ್ಪದ ಡಬ್ಬಿಯನ್ನು ತೊಡೆಯ ಮೇಲೇ ಇಟ್ಟುಕೊಂಡು, "ರೈಲಿದ್ದಿದ್ರೆ ಕಾಲು ನೀಡ್ಕೊಂಡು ಬರಬೋದಿತ್ತು ಕಣಕ್ಕ" ಎಂದಳು. ನಮ್ಮ ಊರುಗಳಿಂದ ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳೆಷ್ಟೋ. ಹಬ್ಬದ ಹಿಂದಿನ ರಾತ್ರಿ ಕನಕಪುರ ರಸ್ತೆಯ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತು ಬರುವುದು ತಪ್ಪಲಿಲ್ಲ.

ಮಳವಳ್ಳಿ ಯಾವುದಕ್ಕೂ ಹಿಂದೆ ಬಿದ್ದ ಸೀಮೆಯಲ್ಲ. ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿ ನೀರಿನಿಂದ ಕರೆಂಟು ಹುಟ್ಟಿತು. ಸುಮಾರು 147 ಕಿಲೋಮೀಟರು ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಹತ್ತಿತು. ಇಲ್ಲಿಂದ ಅಲ್ಲಿಗೆ ಹೋಗಬೇಕಾದದ್ದು ಮೂರು ವರ್ಷದಲ್ಲಿ ಹೋಯಿತು. ಅಲ್ಲಿಂದ ಇಲ್ಲಿಗೆ ಬರಬೇಕಾದದ್ದು ಮಾತ್ರ ದಾರಿಯಲ್ಲೇ ಇದೆ. ಚಾಮರಾಜನಗರದಿಂದ ಆಚೆಗೆ ಆನೆ, ಹುಲಿ ಇರುವ ಸತ್ಯಮಂಗಲದ ಕಾಡು. ಅಲ್ಲಿ ಹಳಿ ಬೇಡ ಎಂದರೆ ಒಪ್ಪಬಹುದು, ನಾನೂ ಒಪ್ಪುತ್ತೇನೆ. ಹೆಜ್ಜಾಲದಿಂದ ಇತ್ತ ರಾಗಿ ಹೊಲ, ರೇಷ್ಮೆ ತೋಟ ತಾನೆ? ಜಮೀನಿನ ಮಾತು, ಖರ್ಚು ಯಾರು ಕೊಡಬೇಕೆಂಬ ಮಾತು, ಮತ್ತೆ ಸರ್ವೆ ಮಾತು. ಓಟಿನ ಹೊತ್ತಿಗೆ ಮಾತ್ರ ರೈಲು ತಪ್ಪದೆ ನಮ್ಮೂರಿಗೆ ಬರುತ್ತದೆ.

ನಮ್ಮ ಮನೆಯ ನಷ್ಟ ಬೇರೆ ಥರದ್ದು. ಹಲಗೂರು ದಾರಿಯಲ್ಲಿ ಅಪ್ಪನ ಒಂದೂವರೆ ಎಕರೆ ಇದೆ. ನಾನು ಮದುವೆಯಾದ ವರ್ಷ ಯಾರೋ ನಾಲ್ಕು ಜನ ಟೇಪು ಹಿಡಿದು ಬಂದು, ಬದುವಿನ ಹತ್ತಿರ ಎರಡು ಕಲ್ಲು ನೆಟ್ಟು, ಸುಣ್ಣ ಬಳಿದು ಹೋದರು. ಯಾರು, ಏತಕ್ಕೆ ಎಂದು ಅಪ್ಪ ಕೇಳಲಿಲ್ಲ. ರೈಲಿಗೇ ಅಂತ ತಾವೇ ತೀರ್ಮಾನ ಮಾಡಿದರು. ಅವತ್ತು ತೋಡಿಸಿದ್ದ ತೆಂಗಿನ ಗುಂಡಿಗಳನ್ನು ಮುಚ್ಚಿಸಿದರು. "ನಾಳೆ ಕಡಿಯೋ ಮರಾನ ಇವತ್ತು ಯಾಕ್ ನೆಡಬೇಕು" ಅಂತ. ಅಮ್ಮ ಬೇಡಿಕೊಂಡಳು, ಜಗಳ ಮಾಡಿದಳು. ತನ್ನ ಕೈಲೇ ಎಳನೀರು ಕೀಳಬೇಕು ಅಂತ ಅವಳಿಗೆ ಆಸೆ. ತೆಂಗು ನೆಟ್ಟರೆ ಆರೇಳು ವರ್ಷಕ್ಕೆ ಫಲ. ಅಮ್ಮ ಅದಾದ ಮೇಲೆ ಹದಿನಾಲ್ಕು ವರ್ಷ ಇದ್ದಳು.

ಅವತ್ತು ಮಗಳೂ ಬೆಂಗಳೂರಿನಿಂದ ಬಂದಿದ್ದಳು. ಅವಳು ಇರುವುದು ಬೊಮ್ಮಸಂದ್ರದ ಹತ್ತಿರ. ಅಲ್ಲಿಯ ಹಳದಿ ಮೆಟ್ರೋದ ಕಂಬ, ಹಳಿ, ಸ್ಟೇಷನ್ನು ಎಲ್ಲ ಸಿದ್ಧವಾದರೂ ಬೋಗಿಗಳು ಬಾರದೆ ಕೆಲಸ ಎಳೆದು ಎಳೆದು, ಕೊನೆಗೆ 2025ರ ಆಗಸ್ಟ್ 10ರಂದು ಶುರುವಾಯಿತು. ಆರ್.ವಿ. ರಸ್ತೆಯಿಂದ 19 ಕಿಲೋಮೀಟರು, 16 ಸ್ಟೇಷನ್ನು, ಡ್ರೈವರೇ ಬೇಡದ ಗಾಡಿ. "ಕಾದು ಕಾದು ಸಾಕಾಗಿತ್ತು ತಾತ, ಜನ ಬೀದಿಗೆ ಇಳಿದು ಕೂಗಾಡಿದ್ರು" ಎಂದು ವಡೆ ಮುರಿಯುತ್ತಾ ಹೇಳಿದಳು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮಗೆ ನೋಡಕ್ಕೆ ಕಂಬನಾದ್ರೂ ಇದ್ವಲ್ಲವ್ವ" ಎಂದರು.

ಸಂಜೆ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದರು. ಹೊಸದಾಗಿ ತೆಂಗಿನ ಸಸಿ ನೆಡಿಸಿದ್ದಾರೆ, ಇಪ್ಪತ್ತೆರಡು. ಅವರಿಗೆ ಈಗ ಎಪ್ಪತ್ತೆಂಟು. ನನಗೆ ಸಂತೋಷವೂ ಆಯಿತು, ಗಂಟಲೂ ಕಟ್ಟಿತು. ಒಂದೊಂದೇ ಸಸಿ ಮುಟ್ಟಿಕೊಂಡು ಹೋದರೆ, ಬದುವಿನ ಕಡೆ ಸುಮಾರು ಅಗಲ ಹಾಗೇ ಖಾಲಿ ಬಿಟ್ಟಿದ್ದರು. ಒಂದು ಕಲ್ಲು ಯಾವಾಗಲೋ ಬಿದ್ದುಹೋಗಿದೆ, ಇನ್ನೊಂದು ಹುಲ್ಲಿನಲ್ಲಿ ಕಾಣುತ್ತಿತ್ತು.

"ಇಲ್ಲಿ ಯಾಕಪ್ಪ ನೆಡಿಸಲಿಲ್ಲ?" ಎಂದೆ.

"ಇರ್ಲಿ ಬಿಡು" ಎಂದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ನೀರು ಬಿಡಲು ಹೋದರು.